ಭಂಡಾರ ಹಾಕಿದ ಕೈ

ಭಾನುವಾರ ಬೆಳಿಗ್ಗೆ ಸಂಜು ಬಾಗಿಲು ತೆಗೆದಾಗ ಅಂಗಳದ ತುಂಬ ಕರಿ ಎಳೆಗಳು ಬಿದ್ದಿದ್ದವು. ಊರಾಚೆ ಯಾರೋ ಕಬ್ಬು ಕಡಿದ ಹೊಲದಲ್ಲಿ ರವದಿಗೆ ಬೆಂಕಿ ಹಚ್ಚಿದ್ದರು. ಒಣಗಿದ ಗರಿ ಸುಟ್ಟು ಕರಿಯಾಗಿ, ಗಾಳಿಯಲ್ಲಿ ತೇಲಿ ಬಂದು, ಜಮಖಂಡಿಯ ಈ ಹೊಸ ಬಡಾವಣೆಯ ಮನೆಗಳ ಮೇಲೆ ಬಡವ ಬಲ್ಲಿದ ಎನ್ನದೆ ಕೂತಿತ್ತು. ತಂತಿಯ ಮೇಲೆ ಒಣಹಾಕಿದ್ದ ಮಗಳ ಶಾಲೆಯ ಅಂಗಿಯ ಮೇಲೂ ಒಂದು ಎಳೆ. ಎರಡು ಬೆರಳಲ್ಲಿ ಎತ್ತಲು ಹೋದ. ಅದು ಪುಡಿಯಾಗಿ ಬಟ್ಟೆಗೆ ಮೆತ್ತಿಕೊಂಡಿತು. ಒರೆಸಿದಷ್ಟೂ ಹರಡಿತು. ಮೊದಲಾಗಿದ್ದರೆ ಸಿಟ್ಟು ಬರುತ್ತಿತ್ತು, ಪತ್ರಿಕೆಗೆ ಒಂದು ಪತ್ರ ಬರೆಯಬೇಕು ಅನ್ನಿಸುತ್ತಿತ್ತು. ಒಂಬತ್ತು ದಿನಗಳಿಂದ ಅವನಿಗೆ ಯಾವುದೂ ಸರಿಯಾಗಿ ಬರುತ್ತಿರಲಿಲ್ಲ. ಸಿಟ್ಟೂ ಇಲ್ಲ, ಹಸಿವೂ ಇಲ್ಲ. ನಿದ್ದೆ ಮಾತ್ರ ನಾಚಿಕೆಯಿಲ್ಲದೆ ಬರುತ್ತಿತ್ತು. ತಪ್ಪು ಮಾಡಿದವನಿಗೆ ನಿದ್ದೆ ಹತ್ತುವುದಿಲ್ಲ ಎಂದು ಹೇಳಿದವರು ಯಾರೋ, ಅವರು ತಪ್ಪು ಮಾಡಿರಲಿಕ್ಕಿಲ್ಲ. ಅಂಗಿಯನ್ನು ಹಾಗೇ ತಂತಿಯ ಮೇಲೆ ಬಿಟ್ಟು ಅವನು ಒಳಗೆ ಬಂದ.

ಒಳಗೆ ಅವ್ವ ಹೊಳೆವ್ವ ಗಂಟು ಕಟ್ಟುತ್ತಿದ್ದಳು. ಹನ್ನೊಂದೂವರೆಯ ಬಸ್ಸಿಗೆ ಅವಳು ಸಾವಳಗಿಗೆ, ಮಗಳು ತಾರವ್ವನ ಮನೆಗೆ ಹೋಗುವವಳಿದ್ದಳು. ಹಂಗಾಮು ಮುಗಿಯುವ ತನಕ ಅಲ್ಲಿರಲಿ ಎಂದು ತೀರ್ಮಾನವಾಗಿತ್ತು. ಹಂಗಾಮು ಎಂದರೆ ಕಾರ್ಖಾನೆಗಳು ಕಬ್ಬು ನುರಿಸುವ ಕಾಲ. ದೀಪಾವಳಿಯ ಆಸುಪಾಸಿಗೆ ಶುರುವಾದರೆ ಯುಗಾದಿಯ ಹೊತ್ತಿಗೆ ಮುಗಿಯುತ್ತದೆ. ಅಲ್ಲಿಯವರೆಗೆ ಈ ಕಡೆಯ ಆಕಾಶಕ್ಕೆ ಹೊಗೆ ತಪ್ಪಿದ್ದಲ್ಲ, ಆರು ವರ್ಷದ ಅಂಜನಾಳ ಎದೆಗೆ ಗೊರಗೊರ ತಪ್ಪಿದ್ದಲ್ಲ. ಹೊಗೆ ಸಾವಳಗಿಯಲ್ಲಿ ಇನ್ನೂ ಹೆಚ್ಚು, ಮನೆಯ ಹಿತ್ತಲಿಗೇ ಕಬ್ಬು. ಆದರೆ ಅವ್ವನನ್ನು ಕಳಿಸುತ್ತಿದ್ದದ್ದು ಹೊಗೆಯಿಂದ ಅವಳನ್ನು ಕಾಪಾಡಲಿಕ್ಕಲ್ಲ, ಅವ್ವನಿಂದ ಮಗುವನ್ನು ಕಾಪಾಡಲಿಕ್ಕೆ. ಇದನ್ನು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಸಂಜುವಿಗೆ ಇನ್ನೂ ಒಂದು ಗೊತ್ತಿತ್ತು. ಬಸ್ಸು ಬಿಡುವ ಮೊದಲು ಅವನು ಒಂದೇ ಒಂದು ವಾಕ್ಯ ಹೇಳಬೇಕಾಗಿತ್ತು: ಮಗಳ ಉಸಿರಿನ ಮಷೀನಿನ ಬಟ್ಟಲಿಗೆ ಭಂಡಾರ ಹಾಕಿದ್ದು ಅವ್ವ ಅಲ್ಲ, ನಾನು. ಹತ್ತನೇ ಇಯತ್ತೆಯ ಮಕ್ಕಳಿಗೆ ಅವನು ದಿನಕ್ಕೆ ಇದಕ್ಕಿಂತ ಉದ್ದದ ವಾಕ್ಯಗಳನ್ನು ನೂರಾರು ಹೇಳುತ್ತಾನೆ.

ಅವನು ಹೈಸ್ಕೂಲಿನ ವಿಜ್ಞಾನ ಮಾಸ್ತರ. ಅಪ್ಪ ಗಿರಮಲ್ಲಪ್ಪ ಕುರಿ ಕಾಯ್ದವನು, ಬೀರೇಶ್ವರನ ಭಕ್ತ, ಹೆಬ್ಬೆಟ್ಟು ಒತ್ತುತ್ತಿದ್ದವನು. ಮಗ ದಹನಕ್ರಿಯೆ, ಶ್ವಾಸಕ್ರಿಯೆ ಕಲಿಸುವವನು. ಹೋದ ವರ್ಷ ಮಕ್ಕಳ ಕೈಗೆ ಫಲಕ ಕೊಟ್ಟು ‘ರವದಿ ಸುಡಬೇಡಿ’ ಎಂದು ಜಾಥಾ ತೆಗೆದಿದ್ದ. ತಾರವ್ವನ ಗಂಡ ಲಗಮಪ್ಪ ಅದನ್ನು ಕೇಳಿ, “ಮಾಸ್ತರ, ಗ್ಯಾಂಗಿನವ್ರು ಕಬ್ಬ ಕಡದ ಹೋದ ಮ್ಯಾಲ ಹೊಲದ ತುಂಬ ಗರಿ. ನೀರ ಬಿಟ್ರ ಮುಂದ ಹೋಗಂಗಿಲ್ಲ. ನೀವ ಬಂದ ಒಂದೊಂದ ಗರಿ ಆರಿಸ್ಕೊಂಡ ಒಯ್ರಿ, ನಾ ಬೆಂಕಿ ಹಚ್ಚೂದಿಲ್ಲ” ಎಂದು ಎಲ್ಲರೆದುರು ನಗಾಡಿದ್ದ. ಆಗ ಸಂಜುವಿಗೆ ಅವಮಾನವಾಗಿತ್ತು, ಆದರೆ ಅದು ಒಂದು ಥರ ಸುಖದ ಅವಮಾನ, ತಿಳಿದವನಿಗೆ ತಿಳಿಯದವರಿಂದ ಆಗುವಂಥದ್ದು. ಶಾಲೆಯ ವಿಜ್ಞಾನ ಮೇಳದಲ್ಲಿ ಕೈಯಿಂದ ಬೂದಿ ಉದುರಿಸಿ, ಅದರ ಗುಟ್ಟು ಬಿಚ್ಚಿ ತೋರಿಸುವವನೂ ಅವನೇ. ಮಂತ್ರಕ್ಕೆ ಮಾವಿನಕಾಯಿ ಉದುರುವುದಿಲ್ಲ ಎಂದು ಅವನು ಹೇಳಿದಾಗ ಮಕ್ಕಳು ಚಪ್ಪಾಳೆ ಹೊಡೆಯುತ್ತಿದ್ದರು.

ಅವ್ವ ಸೀರೆಯ ಮೇಲೆ ಸೀರೆ ಇಟ್ಟು ಮತ್ತೆ ತೆಗೆದಳು. ಅವಳ ಕೈಬೆರಳುಗಳನ್ನು ನೋಡಬಾರದೆಂದುಕೊಂಡೇ ಅವನು ನೋಡಿದ. ಬೆಳ್ಳಗಾಗಿದ್ದವು. ಹುಟ್ಟಿದಾಗಿನಿಂದ ಅವನು ಕಂಡ ಆ ಬೆರಳುಗಳ ತುದಿ ಹಳದಿ. ಬೀರೇಶ್ವರನ ಗುಡಿಯಿಂದ ತಂದ ಅರಿಶಿನದ ಭಂಡಾರವನ್ನು ಅವಳು ಒಂದು ಸಣ್ಣ ಉಣ್ಣೆಯ ಚೀಲದಲ್ಲಿಟ್ಟು ನಡುಮನೆಯ ಮೊಳೆಗೆ ತೂಗು ಹಾಕಿದ್ದಳು. ಜ್ವರ ಬಂದರೆ ಹಣೆಗೆ, ಹೊಟ್ಟೆ ನೊಂದರೆ ನಾಲಿಗೆಗೆ, ಪರೀಕ್ಷೆಗೆ ಹೊರಟರೆ ಹಣೆಗೂ ನಾಲಿಗೆಗೂ. ಈ ಒಂಬತ್ತು ದಿನದಲ್ಲಿ ಅವಳು ಚೀಲವನ್ನು ಮುಟ್ಟಿರಲಿಲ್ಲ. ದಿನಕ್ಕೆ ನಾಲ್ಕು ಸಲ ಬಟ್ಟೆ ಸೋಪಿನಲ್ಲಿ ಕೈ ತೊಳೆಯುತ್ತಿದ್ದಳು, ತೊಳೆದು ತೊಳೆದು ಚರ್ಮ ನಿರಿಗೆ ಬಿದ್ದಿತ್ತು. ಮೊನ್ನೆ ಅಂಜನಾ ಶಾಲೆಗೆ ಹೊರಟವಳು ರೂಢಿಯಂತೆ ಎದುರಿಗೆ ಬಂದು ಕಣ್ಣು ಮುಚ್ಚಿ ನಿಂತು, “ಆಯಿ, ಹಣಿಗೆ ಹಚ್ಚು” ಅಂದಳು. ಹೊಳೆವ್ವ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, “ನಿಮ್ಮವ್ವನ ಕಡೆ ಹಚ್ಚಿಸ್ಕೋ ಹೋಗ್” ಎಂದು ಗೋಡೆಯ ಕಡೆ ತಿರುಗಿದಳು. ಮಗು ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡೇ ನಿಂತಿತ್ತು. ಅದನ್ನು ಸಂಜು ಬೂಟಿನ ದಾರ ಕಟ್ಟುತ್ತ ಕೂತು ನೋಡಿದ್ದ, ದಾರ ಕಟ್ಟಿ ಮುಗಿಸಿ ಶಾಲೆಗೆ ಹೋಗಿದ್ದ.

ಒಂಬತ್ತು ದಿನದ ಹಿಂದಿನ ಆ ಶುಕ್ರವಾರ ಸಂಜೆ ಹೆಂಡತಿ ವೈಶಾಲಿ ಇನ್ನೂ ಬಂದಿರಲಿಲ್ಲ. ತಹಸೀಲದಾರ ಕಚೇರಿಯಲ್ಲಿ ಅವಳದು ಕಂಪ್ಯೂಟರಿನ ಕೆಲಸ, ರೈತರಿಗೆ ಪಹಣಿ ತೆಗೆದು ಕೊಡುವುದು. ಸರ್ವರ್ ಕೈ ಕೊಟ್ಟ ದಿನ ಬರುವುದು ತಡ. ಐದು ಗಂಟೆಗೇ ಬಯಲಿನ ಕಡೆಯಿಂದ ಹೊಗೆ ನೆಲಕ್ಕೆ ಹತ್ತಿಕೊಂಡು ಬಂದಿತ್ತು. ಚಳಿಯ ದಿನಗಳಲ್ಲಿ ಅದು ಮೇಲೇಳುವುದಿಲ್ಲ, ಏಕೆ ಏಳುವುದಿಲ್ಲ ಎಂದು ಅವನು ಚಿತ್ರ ಬರೆದು ಕಲಿಸುತ್ತಾನೆ. ಅಂಜನಾಳ ಪಕ್ಕೆಲುಬುಗಳ ನಡುವಿನ ಚರ್ಮ ಒಳಗೆ ಜಗ್ಗತೊಡಗಿತ್ತು. ಅವನು ನೆಬ್ಯುಲೈಸರ್ ತೆಗೆದ. ಅದು ವೈಶಾಲಿಯ ತವರಿನಿಂದ ಬಂದ, ಔಷಧಿಯನ್ನು ಹಬೆಯಂತೆ ಮಾಡಿ ಉಸಿರಿಗೆ ಕೊಡುವ ಯಂತ್ರ. ಬನಹಟ್ಟಿಯಲ್ಲಿ ಅವಳಪ್ಪ ನಲವತ್ತು ವರ್ಷ ಮಗ್ಗದ ಮುಂದೆ ನಿಂತು ನೂಲಿನ ಧೂಳು ಕುಡಿದು, ಕಡೆಗೆ ಇದೇ ಯಂತ್ರದ ಮುಸುಕು ಹಾಕಿಕೊಂಡು ಕೂತಲ್ಲೇ ಹೋಗಿದ್ದ. ಅವ್ವ ಅದಕ್ಕೆ ಗುರುಗುಟ್ಟುವ ಡಬ್ಬಿ ಅನ್ನುತ್ತಿದ್ದಳು. ತಿಂಗಳ ಹಿಂದೆ ಒಮ್ಮೆ, “ಆ ನೀರಾಗ ಒಂದ್ ಚಿಟಿಕಿ ಭಂಡಾರ ಹಾಕಿದ್ರ ದೇವರೂ ಒಳಗ ಹೋಗ್ತಾನ ನೋಡ್” ಅಂದು ಸೊಸೆಯಿಂದ ಬೈಸಿಕೊಂಡಿದ್ದಳು ಕೂಡ. ಅವತ್ತು ಸಂಜು ಅವ್ವನ ಮಾತಿಗೆ ನಕ್ಕಿದ್ದ.

ಔಷಧಿಯನ್ನು ಬಟ್ಟಲಿಗೆ ಹಿಂಡಿದ. ಅವ್ವ ಮೊಮ್ಮಗಳ ಹಣೆಗೆ ಭಂಡಾರ ಒತ್ತಿ, ದೇವರ ಮುಂದೆ ದೀಪ ಹಚ್ಚಲು ಒಳಗೆ ಹೋದಳು. ಆಗಲೇ ಫೋನು ಸದ್ದು ಮಾಡಿತು. ಹೊಸದಾಗಿ ಕೊಂಡ, ಬೆರಳು ಸವರಿದರೆ ಸರಿಯುವ ಫೋನು. ಶಾಲೆಯ ಮಾಸ್ತರುಗಳ ಗುಂಪಿನಲ್ಲಿ ಯಾರೋ ಎಲ್ಲಿಂದಲೋ ಬಂದದ್ದನ್ನು ದಾಟಿಸಿದ್ದರು. ಅರಿಶಿನದ ಹಬೆ ಶ್ವಾಸಕೋಶದ ಬಾವು ಇಳಿಸುತ್ತದೆ, ವಿದೇಶದ ವಿಜ್ಞಾನಿಗಳು ಒಪ್ಪಿದ್ದಾರೆ. ಅವನು ನಂಬಲಿಲ್ಲ. ನಂಬಲಿಲ್ಲ ಎಂಬುದು ಅವನಿಗೆ ಚೆನ್ನಾಗಿ ನೆನಪಿದೆ. ಆದರೆ ಅರಿಶಿನದಲ್ಲಿ ಬಾವು ಇಳಿಸುವ ಗುಣ ಇರುವುದು ಸುಳ್ಳಲ್ಲವಲ್ಲ ಅಂದುಕೊಂಡ. ಅಷ್ಟು ಅಂದುಕೊಳ್ಳುವುದರೊಳಗೆ ಕೈ ಮೊಳೆಯ ಮೇಲಿನ ಚೀಲಕ್ಕೆ ಹೋಗಿತ್ತು. ಬೆರಳ ತುದಿಗೆ ಹತ್ತಿದಷ್ಟನ್ನು ಬಟ್ಟಲಲ್ಲಿ ಉದುರಿಸಿದ. ಆ ಕ್ಷಣ ಅವನ ಮನಸ್ಸಿನಲ್ಲಿ ಫೋನೂ ಇರಲಿಲ್ಲ, ವಿದೇಶದ ವಿಜ್ಞಾನಿಗಳೂ ಇರಲಿಲ್ಲ. ಹೊಳೆಯ ದಂಡೆಯ ಕುರಿಹಟ್ಟಿ ಇತ್ತು, ಏಳು ವರ್ಷದ ಅವನಿಗೆ ಮೈ ಸುಡುವ ಜ್ವರ ಇತ್ತು, ಅಪ್ಪ ಕಂಬಳಿಯಲ್ಲಿ ಸುತ್ತಿ, ಹಣೆಯ ಮೇಲೆ ಅಂಗೈ ತುಂಬ ಭಂಡಾರ ಮೆತ್ತಿ, “ಏನಾಗೂದಿಲ್ಲ ಮಗನ, ಏನಾಗೂದಿಲ್ಲ” ಅನ್ನುತ್ತಿದ್ದ. ಏನೂ ಆಗಿರಲಿಲ್ಲ ಆಗ. ಬೆಳಗಾಗುವುದರೊಳಗೆ ಬೆವರಿ ಎದ್ದು ಕುರಿಯ ಹಾಲು ಕುಡಿದಿದ್ದ. ಈಗ ಅವನು ಅಂಜನಾಳ ಮುಖಕ್ಕೆ ಮುಸುಕು ಕಟ್ಟಿ, ಗುಂಡಿ ಒತ್ತಿ, ಅವಳ ಬೆನ್ನ ಮೇಲೆ ಕೈಯಿಟ್ಟು ಕೂತ.

ಎರಡು ನಿಮಿಷಕ್ಕೆ ಕೆಮ್ಮು ಹತ್ತಿತು. ಐದು ನಿಮಿಷಕ್ಕೆ ಕೆಮ್ಮಲೂ ಆಗದಂತಾಯಿತು. ವೈಶಾಲಿ ಒಳಗೆ ಬಂದಾಗ ಮಗುವಿನ ತುಟಿಯ ಸುತ್ತ ನೀಲಿಯಿತ್ತು. ಅವಳು ಹೆಗಲ ಚೀಲ ಬಿಸಾಡಿ ಮಗುವನ್ನು ಎತ್ತಿಕೊಂಡವಳು, ಏನನ್ನಿಸಿತೋ ಏನೋ, ಮುಸುಕು ಬಟ್ಟಲನ್ನೂ ಕಿತ್ತುಕೊಂಡು ಆಟೋ ಹತ್ತಿದಳು, ಹಿಂದೆಯೇ ಸಂಜು, ಹೊಳೆವ್ವ. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು, ಚುಚ್ಚಿ, ಮಗುವಿನ ಉಸಿರು ಹದಕ್ಕೆ ಬಂದ ಮೇಲೆ ಡಾಕ್ಟರು ಬಟ್ಟಲನ್ನು ಟ್ಯೂಬ್‌ಲೈಟಿಗೆ ಹಿಡಿದರು. ತಳದಲ್ಲಿ ಹಳದಿ ಗಸಿ ಕೂತಿತ್ತು.

“ಏನ್ರಿ ಇದು? ಅರಿಷಿಣ ಹಾಕೀರೇನು? ಯಾರ್ ಹಾಕಿದ್ರು?”

ಆ ಪ್ರಶ್ನೆಗೂ ಉತ್ತರಕ್ಕೂ ನಡುವೆ ಎಷ್ಟು ಹೊತ್ತಿತ್ತು ಎಂದು ಸಂಜು ಈ ಒಂಬತ್ತು ದಿನ ಅಳೆದು ನೋಡಿದ್ದಾನೆ. ಒಂದು ಮಾತು ಆಡುವಷ್ಟು ಇತ್ತು. ಖಂಡಿತ ಇತ್ತು. ವೈಶಾಲಿ ಗಂಡನ ಕಡೆ ನೋಡಲೇ ಇಲ್ಲ, ನೇರ ಅತ್ತೆಯ ಕಡೆ ತಿರುಗಿದಳು. ಬಾಗಿಲ ಬಳಿ ನಿಂತಿದ್ದ ಹೊಳೆವ್ವ ತನ್ನ ಬೆರಳುಗಳನ್ನು ನೋಡಿಕೊಂಡಳು. ಅವು ಎಂದಿನಂತೆ ಹಳದಿ.

“ಅತ್ತೀ, ನೀವ ಹಾಕೀರೇನು?”

“ಹಣಿಗೆ ಹಚ್ಚಿದ್ನೆವ್ವಾ… ಅದರಾಗೂ ಹಾಕಿದ್ನೇನೋ… ಕೈ ತನ್ನಷ್ಟಕ್ಕ ಹೋಗಿರತೈತಿ,” ಅಂದಳು ಅವ್ವ. ಆಮೇಲೆ ಡಾಕ್ಟರ ಕಡೆ ತಿರುಗಿ, “ನಂದ ಕೈ ಇರಬೇಕ್ರಿಯಪ್ಪಾ” ಎಂದು ಕೈ ಮುಗಿದಳು.

ಇತ್ತೀಚೆಗೆ ಅವಳಿಗೆ ಮರೆವು. ತಾರವ್ವನ ಫೋನು ಬಂದಿತ್ತೇ ಎಂದು ದಿನಕ್ಕೆ ಮೂರು ಸಲ ಕೇಳುತ್ತಿದ್ದಳು. ತಾನು ಮಾಡದ್ದನ್ನು ಮಾಡಿದೆನೆಂದು ಒಪ್ಪಿಕೊಳ್ಳುವುದು ಮರೆವಿನವರಿಗೆ ಸುಲಭ, ಅವರು ಯಾವಾಗಲೂ ಏನಾದರೊಂದಕ್ಕೆ ತಯಾರಾಗಿಯೇ ಇರುತ್ತಾರೆ. ಡಾಕ್ಟರು, “ಏನ್ ಮಾಸ್ತರ, ಊರಿಗೆಲ್ಲಾ ವಿಜ್ಞಾನ ಹೇಳ್ತೀರಿ, ಮನ್ಯಾಗ ಸ್ವಲ್ಪ ಹೇಳಬಾರ್ದ?” ಅಂದರು. ಸಂಜು ತಲೆ ಆಡಿಸಿದ. ಹೌದು ಅನ್ನುವ ಹಾಗೆ ಆಡಿಸಿದ. ಹೊರಗಿನ ಬೆಂಚಿನ ಮೇಲೆ ಕೂತು ಮೊದಲು ಮಾಡಿದ ಕೆಲಸ, ಫೋನಿನಿಂದ ಆ ಅರಿಶಿನದ ಸಂದೇಶವನ್ನು ಅಳಿಸಿದ್ದು.

ಇಷ್ಟೇ ಆಗಿದ್ದರೆ ಭಯ ಎನ್ನಬಹುದಿತ್ತು. ಸೋಮವಾರ, ಅಂಜನಾ ಮನೆಗೆ ಬಂದು ದೋಸೆ ಬೇಕೆಂದು ಹಟ ಮಾಡಿದ ದಿನ, ಮಾಸ್ತರುಗಳ ಕೋಣೆಯಲ್ಲಿ ಸಮಾಜ ಕಲಿಸುವ ಅಣ್ಣಾಸಾಹೇಬ ಮಗಳ ಯೋಗಕ್ಷೇಮ ಕೇಳಿದ. ಸಂಜು ಹೇಳತೊಡಗಿದ. ಹೇಳುತ್ತ ಹೇಳುತ್ತ ಅದೊಂದು ಕಥೆಯೇ ಆಯಿತು. ಅವ್ವ ಗುರುಗುಟ್ಟುವ ಡಬ್ಬಿ ಅನ್ನುವುದು, ದೇವರನ್ನು ಹಬೆ ಮಾಡಿ ಒಳಗೆ ಕಳಿಸುವುದು, ಡಾಕ್ಟರ ಮುಂದೆ ಕೈ ಮುಗಿದದ್ದು, ಎಲ್ಲವನ್ನೂ ಅವ್ವನ ದನಿಯಲ್ಲೇ ಮಾಡಿ ತೋರಿಸಿದ. ಕೋಣೆಯೆಲ್ಲ ನಕ್ಕಿತು. ಅಣ್ಣಾಸಾಹೇಬನಂತೂ ಚಹಾ ಚೆಲ್ಲಿಕೊಂಡ. “ಸರ, ಇದನ್ನ ಮಕ್ಕಳಿಗೆ ಹೇಳ್ರಿ, ಮೂಢನಂಬಿಕೆಗೆ ಇದಕ್ಕಿಂತ ಛಲೋ ಉದಾಹರಣಿ ಸಿಗೂದಿಲ್ಲ” ಅಂದ. ಸಂಜು ಮರುದಿನ ಒಂಬತ್ತನೇ ಇಯತ್ತೆಯಲ್ಲಿ ಹೇಳಿದ, ಹೆಸರು ಹೇಳದೆ, ‘ಒಬ್ಬ ಅಜ್ಜಿ’ ಎಂದು. ಮಕ್ಕಳೂ ನಕ್ಕರು. ಅವನಿಗೆ ತನ್ನ ಮೇಲೆ ಅಸಹ್ಯ ಹುಟ್ಟಬೇಕಾಗಿತ್ತು. ಹುಟ್ಟಿತೇ ಎಂದು ಒಳಗೆ ತಡವಿ ನೋಡಿಕೊಂಡ. ಅಲ್ಲಿ ಏನೋ ಮರಗಟ್ಟಿದಂತಿತ್ತು. ಬೋರ್ಡು ಒರೆಸಿ ಮುಂದಿನ ಪಾಠಕ್ಕೆ ಹೋದ.

ಈಗ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಅತ್ತೆಯ ಬುತ್ತಿಗೆಂದು ವೈಶಾಲಿ ಬೆಳಿಗ್ಗೆಯೇ ಕೂತಿದ್ದಳು. ಅವನು ಹೋಗಿ ಬಾಗಿಲ ಚೌಕಟ್ಟು ಹಿಡಿದು ನಿಂತ.

“ಒಂದ್ ಮಾತ್ ಹೇಳೂದೈತಿ.”

“ಹೇಳ್ರಿ.” ಅವಳು ತಿರುಗಲಿಲ್ಲ.

“ಅವತ್ತ ಬಟ್ಲದಾಗ ಭಂಡಾರ ಹಾಕಿದಾಂವ ನಾನು.”

ಸದ್ದು ನಿಂತಿತು. ಒಂಬತ್ತು ದಿನದ ಮೇಲೆ ಅವನೊಳಗೆ ಏನೋ ಅಲುಗಾಡಿದ್ದು ಅದೇ ಮೊದಲು, ಅದರಿಂದ ಒಂದು ಬಗೆಯ ಸಂತೋಷವೇ ಆಯಿತು. ವೈಶಾಲಿ ಹಿಟ್ಟಿನ ಕೈಯಿಂದಲೇ ಹಣೆಯ ಕೂದಲು ಸರಿಸಿ ಅವನನ್ನು ನೋಡಿದಳು. ಬೈಯಲಿ ಅಂದುಕೊಂಡ. ಅವಳ ಕಣ್ಣಲ್ಲಿ ನೀರಿತ್ತು, ಒಲೆಯ ಉರಿಗೂ ಇರಬಹುದು.

“ಇದನ್ನ ಎಷ್ಟ ದಿನದಿಂದ ಯೋಚನಿ ಮಾಡಾಕತ್ತೀರಿ?”

“ಖರೆ ಹೇಳಾಕತ್ತೇನಿ ವೈಶಾಲಿ. ನಾನ ಹಾಕಿದ್ನಿ. ಫೋನಿನ್ಯಾಗ ಒಂದ್ ಮೆಸೇಜ್ ಬಂದಿತ್ತು…”

“ತೋರಸ್ರಿ.”

ಅವನು ಜೇಬಿನಿಂದ ಫೋನು ತೆಗೆದ, ಹಾಗೇ ಹಿಡಿದುಕೊಂಡ. “ಅಳಿಸೇನಿ,” ಅಂದ.

“ಸಾಕ್ ಬಿಡ್ರಿ,” ಅಂದಳು ಅವಳು, ಮೆತ್ತಗೆ. “ಅತ್ತಿ ಹೋಗೂದು ನಿಮಗ ನೋಡಾಕ ಆಗವಲ್ದು, ಅದು ನನಗ ತಿಳೀತೈತಿ. ನನಗೇನ್ ಸಂಕಟ ಇಲ್ಲೇನು? ಆಕಿ ಕೈಯಾಗ ಬೆಳದೈತಿ ಕೂಸು. ಆದ್ರ ನಾ ಮುಂಜಾನಿ ಹೋದ್ರ ಸಂಜೀಕ ಬರಾಕಿ. ನಮ್ಮಪ್ಪ ಉಸರಿಗೆ ಒದ್ದಾಡಿದ್ದು ನೋಡೇನಿ ನಾ. ಮತ್ತೊಮ್ಮೆ ನೋಡಾಕ ಆಗೂದಿಲ್ಲ.”

“ಆಕಿ ಹಾಕಿಲ್ಲಂತ ಹೇಳಾಕತ್ತೇನಲ್ಲಾ.”

“ನೀವ ಹಾಕಿದ್ರ ಡಾಕ್ಟರು ಕೇಳಿದಾಗ ಹೇಳ್ತಿದ್ರಿ. ಅವ್ವನ್ನ ಎಲ್ಲಾರ ಮುಂದ ತಲಿ ತಗ್ಗಿಸಿ ನಿಲ್ಲಿಸಿ, ಬಾಯಿ ಮುಚ್ಚಿಕೊಂಡ ನಿಂದ್ರೂ ಮನಷ್ಯಾ ಅಲ್ಲ ನೀವು. ಎಂಟ ವರ್ಷ ಸಂಸಾರ ಮಾಡೇನಿ, ಅಷ್ಟ ಗೊತ್ತಿಲ್ಲೇನು ನನಗ?”

ರೊಟ್ಟಿಯ ಸದ್ದು ಮತ್ತೆ ಶುರುವಾಯಿತು. ಅವಳು ಅವನನ್ನು ಇಷ್ಟು ಒಳ್ಳೆಯವನೆಂದು ತಿಳಿದಿದ್ದಾಳೆ ಎನ್ನುವುದು ಸಂಜುವಿಗೆ ಇವತ್ತೇ ಗೊತ್ತಾದದ್ದು. ಆ ಒಳ್ಳೆಯವನು ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದ್ದ; ಅವನನ್ನು ಎಬ್ಬಿಸುವುದು ಹೇಗೆ? ಮಾಸ್ತರುಗಳ ಕೋಣೆಯ ನಗುವನ್ನು ಹೇಳಬಹುದಾಗಿತ್ತು. ಅದನ್ನು ಹೇಳಿದರೆ ನಂಬುತ್ತಾಳೆ ಎಂದು ಅನ್ನಿಸಿದ್ದಕ್ಕೇ ಹೇಳಲಿಲ್ಲ. ನಿಂತು ನಿಂತು, “ಚಟ್ನಿ ಹಾಕಿಯೇನು?” ಎಂದು ಕೇಳಿದ. “ಹಾಕೇನಿ” ಅಂದಳು ವೈಶಾಲಿ.

ಆಟೋದಲ್ಲಿ ಅವ್ವ ಮೊಮ್ಮಗಳ ಮಾತೇ ಆಡಿದಳು. ಮನೆಯಲ್ಲಿ ಅಂಜನಾ ಬಾಗಿಲವರೆಗೆ ಬಂದು, ಆಯಿ ನಾಳೆ ಬರುತ್ತಾಳೆ ಎಂದುಕೊಂಡು, ಟಿವಿಯ ಮುಂದೆ ಓಡಿಹೋಗಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಎಬ್ಬಿಸಿದ ಧೂಳು, ಹೊಗೆ, ಚಳಿಗೆ ಮುಖ ಮುಚ್ಚಿಕೊಂಡ ಜನ. ಹೊಳೆವ್ವ ಎರಡು ಸಲ ಕೆಮ್ಮಿದಳು. ಅವಳಿಗೂ ಎದೆ ಇದೆ ಎಂಬುದನ್ನು ಯಾರೂ ಲೆಕ್ಕಕ್ಕೆ ತಂದುಕೊಂಡಿರಲಿಲ್ಲ, ಅವಳೂ ತಂದುಕೊಂಡಿರಲಿಲ್ಲ. ಸಾವಳಗಿಯ ಬಸ್ಸು ಬಂದು ನಿಂತಿತ್ತು. ಕಿಟಕಿಯ ಪಕ್ಕ ಅವಳನ್ನು ಕೂರಿಸಿ, ಗಂಟನ್ನು ಕಾಲ ಬಳಿ ಇಟ್ಟು, ಲಗಮಪ್ಪ ಸ್ಟ್ಯಾಂಡಿಗೆ ಬಂದಿರುತ್ತಾನೆ ಎಂದು ಮೂರನೆಯ ಸಲ ಹೇಳಿ ಸಂಜು ಕೆಳಗಿಳಿದ. ಕಿಟಕಿಯ ಕೆಳಗೆ ಬಂದು ನಿಂತ. ಇನ್ನು ತಡೆದರೆ ಬಸ್ಸು ಬಿಡುತ್ತದೆ.

“ಅವ್ವಾ.”

“ಏನೋ ತಮ್ಮಾ?”

“ಅವತ್ತ ಆ ಡಬ್ಬ್ಯಾಗ ಭಂಡಾರ ಹಾಕಿದ್ದು ನೀ ಅಲ್ಲ. ನಾ ಹಾಕಿದ್ನಿ.”

ಹೊಳೆವ್ವ ಕಿಟಕಿಯ ಸರಳು ಹಿಡಿದು ಬಗ್ಗಿ ಅವನ ಮುಖವನ್ನೇ ನೋಡಿದಳು. ಕಣ್ಣು, ಗಲ್ಲ, ಮತ್ತೆ ಕಣ್ಣು. ಆಮೇಲೆ ಅವಳ ಮುಖ ನಿಧಾನ ಅರಳಿತು. ಒಂಬತ್ತು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲು.

“ಹುಚ್ಚಪ್ಪಾ,” ಅಂದಳು. “ನಿಮ್ಮಪ್ಪನೂ ಹಿಂಗ, ಕುರಿ ನನ್ನ ಕೈಯಾಗ ಸತ್ರೂ ತನ್ನ ಮ್ಯಾಲ ಹಾಕ್ಕೋತಿದ್ದ.”

“ಇಲ್ಲವ್ವಾ, ಖರೇನ ನಾನು. ನೀ ದೀಪಾ ಹಚ್ಚಾಕ ಒಳಗ ಹೋಗಿದ್ದಿ, ಆವಾಗ…”

“ನನಗ ಎಲ್ಲಾ ನೆನಪೈತೋ ಸಂಜ್ಯಾ. ನೀ ಔಷಧಿ ತರಾಕ ಪ್ಯಾಟಿಗೆ ಹೋಗಿದ್ದಿ. ಕೂಸು ಒದ್ದಾಡತಿತ್ತು. ನಾನ ಈ ಕೈಲೆ ಚೀಲಾ ಬಿಚ್ಚಿ ಹಾಕಿದ್ನಿ. ಕಣ್ಣಾಗ ಕಟ್ಟಿದಂಗ ಐತಿ.”

ಅವನು ಪೇಟೆಗೆ ಹೋಗಿರಲಿಲ್ಲ. ಅವ್ವ ಬಿಚ್ಚಿರಲಿಲ್ಲ. ಒಂಬತ್ತು ದಿನ ಸುಮ್ಮನಿದ್ದು ಅವನು ಖಾಲಿ ಬಿಟ್ಟ ಜಾಗದಲ್ಲಿ ಅವಳು ಕೂತು, ನೆನೆದು ನೆನೆದು, ಆ ಸಂಜೆಯನ್ನು ಪೂರ್ತಿ ತನ್ನದು ಮಾಡಿಕೊಂಡಿದ್ದಳು. ಈಗ ಅದನ್ನು ಅವಳಿಂದ ವಾಪಸು ತೆಗೆದುಕೊಳ್ಳಲು ಬರುವಂತಿರಲಿಲ್ಲ. ಅವಳು ಸರಳಿನ ಸಂದಿಯಿಂದ ಕೈ ಹೊರಗೆ ಚಾಚಿ ಅವನ ಗಲ್ಲ ಸವರಿ, ಬೆರಳುಗಳನ್ನು ತನ್ನ ತಲೆಗೆ ಒತ್ತಿ ನೆಟಿಗೆ ಮುರಿದಳು.

ಪಕ್ಕದ ಸೀಟಿನಲ್ಲಿ ಹಸಿರು ಸೀರೆಯ ಹೆಂಗಸೊಬ್ಬಳು ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಇದನ್ನೆಲ್ಲ ನೋಡುತ್ತಿದ್ದಳು. “ಮಗಾ ಏನ್ರಿ?” ಎಂದು ಕೇಳಿದಳು.

“ಹೂಂ, ಮಗಾ. ಹೈಸ್ಕೂಲಿನ್ಯಾಗ ಮಾಸ್ತರ ಅದಾನ,” ಅಂದಳು ಹೊಳೆವ್ವ, ಬಸ್ಸಿನ ಅರ್ಧ ಜನಕ್ಕೆ ಕೇಳುವ ಹಾಗೆ. “ತಪ್ಪ ನಂದ್ರಿ. ಮೊಮ್ಮಗಳ ಜೀವಾ ತಗೋತಿದ್ನಿ, ದೇವ್ರ ದೊಡ್ಡಾಂವ. ನಮ್ಮವ್ವಗ ಕೆಟ್ಟ ಅನಿಸಬಾರ್ದಂತ ಇಂವಾ ತಾನ ಮಾಡೇನಿ ಅಂತ ಹೇಳಾಕತ್ತಾನ. ಇಂಥಾ ಮಗಾ ಯಾರಿಗೆ ಹುಟ್ಟತಾನ ಹೇಳ್ರಿ ಈಗಿನ ಕಾಲದಾಗ?”

ಹಿಂದಿನ ಸೀಟಿನವರೂ ಕತ್ತು ಚಾಚಿ ಅವನನ್ನು ನೋಡಿದರು. ಹಸಿರು ಸೀರೆಯ ಹೆಂಗಸು, “ಪುಣ್ಯಾ ಮಾಡೀರಿ ಬಿಡ್ರಿ ನೀವು” ಎಂದು ಹೊಳೆವ್ವನಿಗೆ ಹೇಳಿ, ಕಿಟಕಿಯಿಂದ ಕೆಳಗೆ ನೋಡಿ, ದೊಡ್ಡವರನ್ನು ಕಂಡವರಂತೆ ಸೆರಗು ಸರಿ ಮಾಡಿಕೊಂಡು ಅವನಿಗೆ ಕೈ ಮುಗಿದಳು. ಕಂಡಕ್ಟರು ಸೀಟಿ ಊದಿದ. ಬಸ್ಸು ಒಮ್ಮೆ ಅಲುಗಿ ಮುಂದೆ ಸರಿಯಿತು. ಸಂಜು ಎರಡು ಹೆಜ್ಜೆ ಬಸ್ಸಿನ ಜೊತೆಗೇ ನಡೆದ. ಆಮೇಲೆ ನಿಂತು, ಆ ಹೆಂಗಸಿನ ಕಡೆ ನೋಡಿ, ಹೊಗಳಿಕೆಗೆ ನಾಚಿದವರು ನಗುವ ಹಾಗೆ ನಕ್ಕು, ತಾನೂ ಕೈ ಮುಗಿದ.